ನವದುರ್ಗೆಯರ ಕಲ್ಲು

ಕ್ಯೋಟೋ
೮ ಸೆಪ್ಟೆಂಬರ್ ೨೦೨೪

ಅಪ್ಪಾ,

ಫೋನಲ್ಲಾದ್ರೆ ಇಬ್ಬರೂ ಕಿರುಚ್ತೀರ, ಕಾಗದ ಬರ್ಕೊಳ್ಳಿ ಅಂತ ಅಮ್ಮ ಹೇಳಿದ್ಲು. ಇಂಗ್ಲಿಷಲ್ಲಿ ಬರೆದ್ರೆ ನೀನು ಓದಲ್ಲ ಅಂತಾನೂ ಹೇಳಿದ್ಲು. ಅಜ್ಜಿ ಕಲಿಸಿದ ಅಕ್ಷರ ಇಷ್ಟು ಉಳ್ಕೊಂಡಿದೆ. ಮಾತಾಡೋ ಹಾಗೇ ಬರೀತೀನಿ. ತಪ್ಪು ಕಂಡ್ರೆ ನಗಬೇಡ. ನಕ್ಕರೂ ನನಗೆ ತಿಳಿಸಬೇಡ.

ಯೋಕೋಹಾಮಾ ಕೆಲಸ ಬಿಟ್ಟು ಬಂದಿದ್ದಕ್ಕೆ ನಿನಗಿನ್ನೂ ಕೋಪ ಇದೆ ಅಂತ ಗೊತ್ತು. ಇವತ್ತು ಅದರ ಸುದ್ದಿ ಬೇಡ.

ಇಲ್ಲಿ ನಾನು ಕಲೀತಿರೋದು ಕಲ್ಲಚ್ಚು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಲ್ಲಿ ಚಿತ್ರ ಬರೆದು, ನೀರು ಸವರಿ, ಮಸಿ ಉರುಳಿಸ್ತೀವಿ. ಜಿಡ್ಡಿರೋ ಕಡೆ ಮಸಿ ಹಿಡಿಯುತ್ತೆ, ನೀರಿರೋ ಕಡೆ ಹಿಡಿಯಲ್ಲ. ಅಷ್ಟೇ ಗುಟ್ಟು. ಬೇಕಾದಷ್ಟು ಪ್ರತಿ ತೆಗೆದಾದ ಮೇಲೆ ಮರಳು ಹಾಕಿ ಕಲ್ಲನ್ನ ಉಜ್ಜಿ ಹಳೇ ಚಿತ್ರ ಅಳಿಸಿಬಿಡ್ತೀವಿ. ಅದೇ ಕಲ್ಲಿನ ಮೇಲೆ ಹೊಸ ಚಿತ್ರ. ನಿನ್ನ ಮುತ್ತಜ್ಜ ಸಿದ್ದಪ್ಪ ಮೈಸೂರಲ್ಲಿ ಮಾಡ್ತಿದ್ದಿದ್ದೂ ಇದೇ ಕೆಲಸ ತಾನೇ?

ಫೆಬ್ರವರಿಯಲ್ಲಿ ನಮ್ಮ ಕೊನೇ ಪ್ರದರ್ಶನ ಇದೆ. ಸಿದ್ದಪ್ಪಜ್ಜನ ಜೀವನ ಬರೀಬೇಕು ಅಂತಿದೀನಿ, ಅವರದೇ ಕಲ್ಲಿನ ಮೇಲೆ. ನಮ್ಮ ಅಡುಗೆಮನೇಲಿರೋ ಅಜ್ಜಿಯ ಹೋಳಿಗೆ ಕಲ್ಲು ಕೊಡ್ತೀಯಾ? ಹೋಳಿಗೆ ತಟ್ಟೋ ಮಗ್ಗುಲು ಮಾತ್ರ ಉಜ್ಜಿ ಅದರ ಮೇಲೆ ಬರೀತೀನಿ. ಸಿದ್ದಪ್ಪಜ್ಜ ಬರೆದ ನವದುರ್ಗೆಯರ ಮಗ್ಗುಲು ಮುಟ್ಟಲ್ಲ. ಪ್ರಾಮಿಸ್.

ಸಾಹಿತ್ಯ


ಕಾವಾಸಾಕಿ
೧೬ ಸೆಪ್ಟೆಂಬರ್ ೨೦೨೪

ಅಚ್ಚುಮೆಚ್ಚಿನ ಮಗಳಿಗೆ,
(ಇಷ್ಟು ದಿನ ಮೆಚ್ಚು ಮಾತ್ರ ಇತ್ತು. ಅಚ್ಚನ್ನು ನೀನೇ ಹಚ್ಚಿಕೊಂಡೆ.)

ನಿನ್ನ ಒಂದು ಸುದ್ದಿಗಾಗಿ ಕಾದು ಕಾದು ಸಾಕಾಗಿಯೇ ಈ ಊರಿಗೆ ಕಾವಾಸಾಕಿ ಎಂದು ಹೆಸರು ಬಂದಿರಬೇಕು. ಹೆಸರು ಸಾಹಿತ್ಯ, ಬರೆದದ್ದು ಒಂದೇ ಪುಟ. ಇರಲಿ. ನಗಲಿಲ್ಲ. ಅಥವಾ ನೀನು ಹೇಳಿದಂತೆ, ತಿಳಿಸುತ್ತಿಲ್ಲ.

ಸಿದ್ದಪ್ಪನವರ ಕತೆ ಬೇಕೆಂದೆಯಲ್ಲ, ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ನಮ್ಮದು ಮುದ್ದೆ ಉಣ್ಣುತ್ತ ಮುದ್ರೆ ಒತ್ತುತ್ತ ಬದುಕಿದ ಮನೆತನ. ಸಿದ್ದಪ್ಪನವರ ತಂದೆ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದರು, ಅಣ್ಣಂದಿರು ರಟ್ಟು ಕಟ್ಟುತ್ತಿದ್ದರು. ಇವರೊಬ್ಬರು ಹದಿನೇಳಕ್ಕೇ ಮನೆಯಲ್ಲಿ ಹೇಳದೆ ಮುಂಬಯಿಗೆ ಓಡಿಹೋಗಿ ಕಲ್ಲಚ್ಚು ಕಲಿತರು. ವಾಪಸು ಬಂದದ್ದು ಗಾಡಿಯ ತುಂಬ ಜರ್ಮನಿಯ ಕಲ್ಲು ಹೇರಿಕೊಂಡು. ತಂದೆ ವರ್ಷಗಟ್ಟಲೆ ಮಾತು ಬಿಟ್ಟರಂತೆ. (ಇಲ್ಲಿ ನೀನು ಮುಗುಳ್ನಗುವುದು ನನಗೆ ಕಾಣುತ್ತಿದೆ. ಮುಂದಕ್ಕೆ ಓದು.)

ಕಲ್ಲಿನ ಮೇಲೆ ಎಲ್ಲವನ್ನೂ ಉಲ್ಟಾ ಬರೆಯಬೇಕಲ್ಲ. ಅದೇ ಅಭ್ಯಾಸವಾಗಿ ಸಿದ್ದಪ್ಪನವರು ಪ್ರೆಸ್ಸಿನ ಬೋರ್ಡನ್ನೂ ಒಮ್ಮೆ ಉಲ್ಟಾ ಬರೆದುಬಿಟ್ಟರಂತೆ. ಎದುರಿನ ಕ್ಷೌರದಂಗಡಿಯ ಕನ್ನಡಿಯಲ್ಲಿ ಅದು ಸೊಗಸಾಗಿ, ಸರಿಯಾಗಿ ಕಾಣುತ್ತಿತ್ತು. ಹಾಗಾಗಿ ನಮ್ಮ ಗಿರಾಕಿಗಳೆಲ್ಲ ಮೊದಲು ತಲೆ ಬೋಳಿಸಿಕೊಂಡು ಆಮೇಲೆ ಮದುವೆ ಕಾಗದ ಮಾಡಿಸಲು ಬರುತ್ತಿದ್ದರು. ನಮ್ಮಪ್ಪ ಹೇಳಿದ ಕತೆ ಇದು. ಅದರಲ್ಲಿ ಮಸಿ ಎಷ್ಟೋ, ನೀರು ಎಷ್ಟೋ.

ಇನ್ನು ಕಲ್ಲಿನ ವಿಷಯ. ಪ್ರೆಸ್ಸು ಮುಚ್ಚಿದಾಗ ನಮ್ಮಪ್ಪ ಉಳಿದ ಕಲ್ಲುಗಳನ್ನೆಲ್ಲ ಬಚ್ಚಲಿಗೆ ಹಾಸಿದರು. ಇದೊಂದರಲ್ಲಿ ಮೂರು ಸಾಲಾಗಿ ಒಂಬತ್ತು ದೇವಿಯರು ಮಸುಕಾಗಿ ಕಾಣುತ್ತಿದ್ದರೆಂದು ನಿನ್ನಜ್ಜಿ ಎತ್ತಿ ಒಳಗಿಟ್ಟಳು. ದೇವಿಯರ ಮೇಲೆ ಲಟ್ಟಣಿಗೆ ಆಡಿಸಬಾರದು ಎಂದು ಕಲ್ಲನ್ನು ಮಗುಚಿ, ಕೆಳಗೆ ಮಡಿಬಟ್ಟೆ ಹಾಸಿ, ಹಿಂಬದಿಯ ಮೇಲೆ ಹೋಳಿಗೆ ತಟ್ಟಿದಳು. ನವರಾತ್ರಿಗೆ ದೇವರು ಮೇಲೆ, ಉಳಿದ ವರ್ಷವೆಲ್ಲ ಹೋಳಿಗೆ ಮೇಲೆ. ನೀನು ಹುಟ್ಟಿದಾಗ ಬಾಣಂತನಕ್ಕೆಂದು ಬಂದು ಇಲ್ಲೇ ಉಳಿದವಳು ಸೂಟ್‌ಕೇಸಿನಲ್ಲಿ ಸೀರೆ ಕಡಿಮೆ ಮಾಡಿ ಈ ಕಲ್ಲು ತಂದಳು. ನರಿತಾದಲ್ಲಿ ಕಸ್ಟಮ್ಸಿನವನು ಬೆರಳಿನಿಂದ ತಟ್ಟಿ ನೋಡಿದಾಗ "ಕೈ ತೊಳ್ಕೊಂಡು ಮುಟ್ಟಪ್ಪ" ಅಂದಳಂತೆ, ಅಚ್ಚಕನ್ನಡದಲ್ಲಿ. ಆತ ಏನು ತಿಳಿದನೋ, ಬಾಗಿ ನಮಸ್ಕರಿಸಿ ಬಿಟ್ಟುಕೊಟ್ಟ.

ಆದರೆ ಸಾಹಿತ್ಯ, ಆ ಪ್ರೆಸ್ಸು ನಮ್ಮಪ್ಪನನ್ನು ಅರೆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮದುವೆ ಸೀಸನ್ನಿನಲ್ಲಿ ಊಟ, ಉಳಿದ ತಿಂಗಳು ಉಪಾಯ. ಸಾಯುವವರೆಗೂ ಅವರ ಉಗುರಿನಿಂದ ಮಸಿ ಹೋಗಲಿಲ್ಲ. ಅದರಿಂದ ತಪ್ಪಿಸಿಕೊಳ್ಳಲೆಂದೇ ನಾನು ಸಮುದ್ರ ದಾಟಿ ಬಂದು ಬೇರಿಂಗ್ ಮಾಡುವ ಕೆಲಸ ಹಿಡಿದೆ. ನೀನು ಇಲ್ಲಿಂದ ರೈಲು ಹತ್ತಿ ಮತ್ತೆ ಅದರ ಬಾಗಿಲಿಗೇ ಹೋಗಿ ಇಳಿದಿದ್ದೀಯೆ. ಅದಕ್ಕೆ ನಾನೇ ಕಲ್ಲು ಹೊತ್ತು ಕೊಡಬೇಕೇ? ಕೊಡುವುದಿಲ್ಲ.

ಇತಿ ನಿನ್ನ ಕಲ್ಲುಮನಸ್ಸಿನ ಅಪ್ಪ,
ಚಂದ್ರಮೋಹನ್


ಕ್ಯೋಟೋ
೨೯ ಸೆಪ್ಟೆಂಬರ್ ೨೦೨೪

ಅಪ್ಪಾ,

ನಿನ್ನ ಥರ ಜೋಕಿಗೆ ಜಪಾನಲ್ಲಿ ‘ಓಯಾಜಿ ಗ್ಯಾಗು’ ಅಂತಾರೆ. ಅಂದ್ರೆ ಅಪ್ಪಂದಿರು ಮಾಡೋ ಜೋಕು. ಒಳ್ಳೇ ಅರ್ಥದಲ್ಲಿ ಹೇಳಲ್ಲ.

ಸಿದ್ದಪ್ಪಜ್ಜ ಹೇಳದೇ ಓಡಿಹೋದರು. ನಾನು ಹೇಳಿ ಹೋದೆ. ನಿನಗೆ ಓಡಿಹೋದವರ ಮೇಲೆ ಹೆಮ್ಮೆ, ಹೇಳಿ ಹೋದವಳ ಮೇಲೆ ಕೋಪ. ಇದು ಯಾವ ನ್ಯಾಯ?

ಇಲ್ಲಿನ ಸ್ಟುಡಿಯೋ ನಿಶಿಮುರಾ ಸಾನ್ ಅವರದ್ದು. ಎಪ್ಪತ್ತು ದಾಟಿದೆ. ಕೆಲಸಕ್ಕಿಂತ ಮಾತು ಜಾಸ್ತಿ, ಬೇಸ್‌ಬಾಲ್ ಇದ್ದ ದಿನ ಮಾತೇ ಇಲ್ಲ. ನಾನು ಬರೆದ ಮೊದಲ ಹಾಳೆ ನೋಡಿ "ಇದು ಆಲೂಗಡ್ಡೆನಾ?" ಅಂದ್ರು. ನಾನು ಬರೆದಿದ್ದು ನಿನ್ನ ಮುಖ. ನಾಲ್ಕನೇದನ್ನ ನೋಡಿ ತಾವೇ ಗೋಡೆಗೆ ಸಿಕ್ಕಿಸಿದ್ರು. ಅವತ್ತು ಸೈಕಲ್ ಮರೆತು ಬಸ್ಸಲ್ಲಿ ಮನೆಗೆ ಹೋಗಿಬಿಟ್ಟೆ, ಅಷ್ಟು ಖುಷಿ ಆಗಿತ್ತು. ಯೋಕೋಹಾಮಾ ಆಫೀಸಲ್ಲಿ ಒಂದು ದಿನಾನೂ ಹಾಗೆ ಆಗಿರಲಿಲ್ಲ.

ಅಜ್ಜಿ ಇದ್ದಿದ್ರೆ ಕಲ್ಲು ಕೊಡ್ತಿದ್ಲೋ ಇಲ್ವೋ, ಅಷ್ಟು ಯೋಚನೆ ಮಾಡಿ ಬರಿ.

ಸಾಹಿತ್ಯ


ಕಾವಾಸಾಕಿ
೧೪ ಅಕ್ಟೋಬರ್ ೨೦೨೪

ಸಾಹಿತ್ಯ,

ನ್ಯಾಯದ ಪ್ರಶ್ನೆಗೆ ಉತ್ತರ ಬರೆಯಲು ಕೂತು ಎರಡು ಹಾಳೆ ಹರಿದೆ. ಅಜ್ಜಿಯ ಹೆಸರೆತ್ತಿದ್ದು ಮೋಸ.

ನವರಾತ್ರಿ ಮುಗಿಯಿತು. ದೇವಿಯರಿಗೆ ಹೂವಿಟ್ಟು ಇಳಿಸಿದ್ದಾಯಿತು. ಕಲ್ಲನ್ನು ಎರಡು ಹಾಸಿಗೆ ಹೊದಿಕೆಯಲ್ಲಿ ಸುತ್ತಿ ಪಕ್ಕದ ಕೊಂಬಿನಿಗೆ ಒಯ್ದು ಪಾರ್ಸೆಲ್ ಮಾಡಿದೆ. (ಕೊಂಬಿನಿ ಎಂದರೆ ‘ಕೊಂಬೆ ನೀ’ ಎಂದು ಕರೆಯುವ ಅಂಗಡಿಯೇ ಇರಬೇಕು, ಹಾಲಿಗೆಂದು ಹೋದ ನಿನ್ನಮ್ಮ ಯಾವತ್ತೂ ಹಾಲೊಂದನ್ನೇ ತಂದದ್ದಿಲ್ಲ.) ಕೌಂಟರಿನ ಹುಡುಗಿ ಒಳಗೇನಿದೆ ಎಂದು ಕೇಳಿದಳು. ದೇವರು ಎನ್ನಲೋ ಚಪಾತಿ ಮಣೆ ಎನ್ನಲೋ ತಿಳಿಯದೆ "ಕಲ್ಲು" ಅಂದೆ. ಅವಳು ಕ್ಷಮೆ ಕೋರಿ ಸುಮಿಮಾಸೆನ್ ಎಂದು ಮತ್ತೊಮ್ಮೆ ಕೇಳಿದಳು. ನಾನೂ ಸುಮಿಮಾಸೆನ್ ಎಂದು ಮತ್ತೊಮ್ಮೆ ಕಲ್ಲು ಎಂದೆ. ಹಿಂದಿನ ಸಾಲು ಉದ್ದವಾಯಿತು.

ದೇವಿಯರ ಮಗ್ಗುಲನ್ನು ಉಜ್ಜಬೇಡ. ಸಿದ್ದಪ್ಪನವರ ಕೈಯಿಂದ ಉಳಿದಿರುವುದು ಇದೊಂದೇ. ದೇವಿಯರ ಒಂದು ಪ್ರತಿ ತೆಗೆದುಕೊಡು. ಕಟ್ಟು ಹಾಕಿಸಿ ದೇವರ ಗೂಡಿನಲ್ಲಿಡುತ್ತೇನೆ. ಹೋಳಿಗೆ ಮಗ್ಗುಲು ನಿನ್ನದು.

ಕಲ್ಲು ಕೊಟ್ಟೆ ಎಂದರೆ ಒಪ್ಪಿದೆ ಎಂದಲ್ಲ.

ಚಂದ್ರಮೋಹನ್


ಕ್ಯೋಟೋ
೪ ನವೆಂಬರ್ ೨೦೨೪

ಅಪ್ಪಾ,

ಕೂತ್ಕೊಂಡು ಓದು.

ದೇವಿಯರ ಮಗ್ಗುಲನ್ನ ತೊಳೆದು ಮಸಿ ಉರುಳಿಸಿದ್ವಿ. ನಿಶಿಮುರಾ ಸಾನ್ ಕೂಡ "ಖಂಡಿತ ದೇವತೆ, ನಿಂತಿರೋ ಗತ್ತು ನೋಡಿದ್ರೇ ಗೊತ್ತಾಗುತ್ತೆ" ಅಂತ ಬೆಳಗ್ಗೆಯಿಂದ ಭಾಷಣ ಮಾಡ್ತಿದ್ರು. ಹಾಳೆ ಎತ್ತಿದ್ವಿ. ಒಂಬತ್ತು ಜನಾನೂ ಒಬ್ಬಳೇ. ಮೊಣಕಾಲವರೆಗೆ ಕೂದಲು ಬಿಟ್ಕೊಂಡಿದ್ದಾಳೆ. ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಸೀಸೆ. ಕೆಳಗೆ ಬರೆದಿದ್ದು ಇದು: ‘ಮೇಘಕುಂತಲ ತೈಲ. ಉದುರಿದ ಕೂದಲು ಮರಳಿ ಬರುವುದು. ಬುಡ್ಡಿ ಒಂದಕ್ಕೆ ಆರಾಣೆ.’

ನವದುರ್ಗೆಯರಲ್ಲ ಅಪ್ಪಾ. ತಲೆಗೆ ಹಾಕೋ ಎಣ್ಣೆಯ ಲೇಬಲ್ಲು. ಕತ್ತರಿಸಿ ಸೀಸೆಗೆ ಅಂಟಿಸೋದಕ್ಕೆ ಒಂದೇ ಹಾಳೇಲಿ ಒಂಬತ್ತು.

ಪ್ರತಿ ಕಳಿಸ್ತಿದೀನಿ. ಬೇಜಾರಾಯ್ತಾ? ಅಮ್ಮನ ಹತ್ರ ಕೇಳಬಹುದು, ನೀನೇ ಹೇಳ್ಬೇಕು ಅಂತ ಕೇಳಲ್ಲ.

ಸಾಹಿತ್ಯ


ಕಾವಾಸಾಕಿ
೧೦ ನವೆಂಬರ್ ೨೦೨೪

ಸಾಹಿತ್ಯ,

ಮೂರು ತಲೆಮಾರು ತಲೆಗೆಣ್ಣೆಗೆ ತಲೆಬಾಗಿದ್ದೇವೆ.

ಮೈಸೂರಿನಲ್ಲಿ ನಮ್ಮಪ್ಪ ಪರೀಕ್ಷೆಯ ದಿನ ಇವಳಿಗೆ ಕೈ ಮುಗಿಸಿ ನನ್ನನ್ನು ಕಳಿಸುತ್ತಿದ್ದರು. ಎಂಜಿನಿಯರಿಂಗ್ ಸೀಟು ಕೊಡಿಸಿದವಳೂ ಇವಳೇ ಎಂದು ಮನೆಯಲ್ಲಿ ನಂಬಿಕೆ. ಇಷ್ಟೆಲ್ಲ ಕೊಟ್ಟವಳು ತನ್ನ ಕೈಯಲ್ಲೇ ಇದ್ದದ್ದನ್ನು ಮಾತ್ರ ಕೊಡಲಿಲ್ಲ. ನಮ್ಮ ಮನೆತನದ ಗಂಡಸರೆಲ್ಲ ಮೂವತ್ತಕ್ಕೇ ಬೋಳಾಗಿದ್ದೇವೆ. ಸಿದ್ದಪ್ಪನವರ ಗಿರಾಕಿಗಳು ಕ್ಷೌರದಂಗಡಿ ದಾಟಿ ಬರುತ್ತಿದ್ದದ್ದು ಏಕೆಂದು ಈಗ ಹೊಳೆಯಿತು. ಅಲ್ಲಿ ಬೋಳಿಸುವುದು, ಇಲ್ಲಿ ಬೆಳೆಸುವುದು. ವ್ಯಾಪಾರ ಎಂದರೆ ಅದು.

ನಿನ್ನಮ್ಮ ಲೇಬಲ್ಲು ನೋಡಿ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ನಿಲ್ಲಿಸಿದಳು, ನಾನು ಇನ್ನೂ ಸ್ವಲ್ಪ ಹೊತ್ತು ನಗುತ್ತಲೇ ಇದ್ದೆ. ನಿಲ್ಲಿಸಿದರೆ ಏನಾದರೂ ಮಾತಾಡಬೇಕಾಗುತ್ತಿತ್ತು.

ಆದರೆ ಕೂದಲು ನೋಡು. ಒಂದೊಂದು ಎಳೆಯನ್ನೂ ಬಿಡಿಸಿದ್ದಾರೆ, ಆರಾಣೆಯ ಎಣ್ಣೆಗೆ. ದೇವಿಯಾಗಿದ್ದರೂ ಇಷ್ಟೇ ಶ್ರದ್ಧೆಯಿಂದ ಬರೆಯುತ್ತಿದ್ದರು, ಹೆಚ್ಚಲ್ಲ. ಹಾಗಾಗಿ ಮಾತು ಮೊದಲಿನದೇ. ಈ ಮಗ್ಗುಲು ಹೀಗೇ ಇರಲಿ. ಹೋಳಿಗೆಯ ಮಗ್ಗುಲು ಉಜ್ಜಿಕೋ.

ಇತಿ ನಿನ್ನ ತಲೆಯಲ್ಲಿ ಕೂದಲಿಲ್ಲದ, ಆದರೆ ತಲೆ ಇರುವ ಅಪ್ಪ


ಕ್ಯೋಟೋ
೨೪ ನವೆಂಬರ್ ೨೦೨೪

ಅಪ್ಪಾ,

ಉಜ್ಜಕ್ಕೆ ಆಗ್ಲಿಲ್ಲ.

ಯಾವ ಕಲ್ಲನ್ನೇ ಆಗಲಿ, ಉಜ್ಜೋ ಮುಂಚೆ ಒಂದ್ಸಲ ಮಸಿ ಉರುಳಿಸಿ ನೋಡೋದು ಇಲ್ಲಿ ಪದ್ಧತಿ. ಹಳೇ ಕಲ್ಲಲ್ಲಿ ಏನಾದ್ರೂ ಉಳಿದಿರುತ್ತೆ ಅಂತ. ಹೋಳಿಗೆ ಮಗ್ಗುಲಲ್ಲಿ ಏನಿರುತ್ತೆ, ಬರೀ ಬಿಳೀ ಹಾಳೆ ಬರುತ್ತೆ ಅಂದ್ಕೊಂಡು ಸುಮ್ನೆ ಉರುಳಿಸಿದೆ.

ಜಪಾನಲ್ಲಿ ಬಾಳೆಲೆ ಸಿಗಲ್ಲ ಅಂತ ಅಜ್ಜಿ ಕಲ್ಲಿಗೇ ಎಣ್ಣೆ ಸವರಿ ತಟ್ತಿದ್ಲು ಅಲ್ವಾ? ಆ ಎಣ್ಣೆಯೆಲ್ಲ ಕಲ್ಲೊಳಗೆ ಇಳಿದಿದೆ. ಬಳಪದ ಜಿಡ್ಡೂ ಒಂದೇ, ಹೋಳಿಗೆ ಎಣ್ಣೆಯೂ ಒಂದೇ, ಕಲ್ಲಿಗೆ ವ್ಯತ್ಯಾಸ ಗೊತ್ತಿಲ್ಲ. ಹಾಳೆ ಎತ್ತಿದಾಗ ದೊಡ್ಡ ದುಂಡು. ಅದರ ಮೇಲೆ ಇನ್ನೊಂದು ದುಂಡು, ಸ್ವಲ್ಪ ಸರಿದು. ಅಂಚಲ್ಲಿ ಅಂಚು, ಹಾಗೆ ಎಷ್ಟೋ. ಸುತ್ತಲೂ ಬೆರಳು ಒತ್ತಿದ ಗುರುತು. ಮೇಲಿನ ಮೂಲೆಯಲ್ಲಿ, ಹಿಟ್ಟು ತಗೊಳ್ಳೋ ಮುಂಚೆ ಎಡಗೈ ಊರ್ತಿದ್ಲಲ್ಲ, ಅಲ್ಲಿ ಪೂರ್ತಿ ಅಂಗೈ. ನಾಲ್ಕೇ ಬೆರಳು. ಕಿರುಬೆರಳು ಇಲ್ಲ. ಅಜ್ಜಿಯ ಎಡಗೈ ಕಿರುಬೆರಳು ಸೊಟ್ಟ ಇತ್ತು, ನೆಲಕ್ಕೆ ಊರ್ತಿರಲಿಲ್ಲ, ನೆನಪಿದೆಯಾ?

ನಿಶಿಮುರಾ ಸಾನ್ "ಇದು ಯಾವ ಕಲಾವಿದರದ್ದು?" ಅಂತ ಕೇಳಿದ್ರು. ತಮಾಷೆಗಲ್ಲ.

ಒಂದೇ ಪ್ರತಿ ತೆಗೆದೆ. ಅದೇ ಇದರ ಜೊತೆ ಇದೆ. ಈಗ ನೀನೇ ಹೇಳು. ನನಗೆ ಬರೆಯೋಕೆ ಒಂದು ಮಗ್ಗುಲು ಬೇಕು. ಒಂದು ಕಡೆ ಸಿದ್ದಪ್ಪಜ್ಜ, ಒಂದು ಕಡೆ ಅಜ್ಜಿ. ಯಾರನ್ನ ಅಳಿಸಲಿ? ಇಲ್ಲಾ ಕಲ್ಲು ವಾಪಸ್ ಕಳಿಸಲಾ? ಸ್ಟುಡಿಯೋದ್ದೇ ಬೇರೆ ಯಾವುದಾದ್ರೂ ಕಲ್ಲು ತಗೋಬಹುದು. ಆದ್ರೆ ಆಗ ಅದು ಬೇರೆ ಯಾರದೋ ಕತೆ ಆಗುತ್ತೆ.

ಸಾಹಿತ್ಯ


ಕಾವಾಸಾಕಿ
೧೫ ಡಿಸೆಂಬರ್ ೨೦೨೪

ಪುಟ್ಟಾ,

ಇದು ಅಮ್ಮ. ನಿಮ್ಮಪ್ಪ ಯಾಕೆ ಬರೆದಿಲ್ಲ ಅಂತ ಫೋನಲ್ಲಿ ಕೇಳ್ತೀಯ, ಆ ಮನುಷ್ಯ ಪಕ್ಕದಲ್ಲೇ ಇರ್ತಾರೆ, ನಾನೇನು ಹೇಳಲಿ?

ಆ ಹಾಳೆ ಬಂದ ದಿನ ಟೇಬಲ್ ಮೇಲೆ ಹರಡಿ ನೋಡಿದ್ರು. "ಚಾಮುಂಡೇಶ್ವರಮ್ಮ" ಅಂದ್ರು. ಹೆತ್ತ ತಾಯಿಯನ್ನ ಹೆಸರು ಹಿಡಿದು ಕರೆದಿದ್ದು ನಾನು ಕೇಳಿರಲಿಲ್ಲ. ಆಮೇಲೆ ಸುತ್ತಿ ತಮ್ಮ ಇಸ್ತ್ರಿ ಶರ್ಟುಗಳ ನಡುವೆ ಇಟ್ಟಿದ್ದಾರೆ. ಆಫೀಸಿಗೆ ಹೊರಡುವಾಗ ಶರ್ಟು ತೆಗೆಯೋದಕ್ಕೆ ಎಷ್ಟು ಹೊತ್ತು ಬೇಕು ಹೇಳು? ದಿನಾ ರೈಲು ತಪ್ಪಿಸ್ತಿದ್ದಾರೆ. ಜಪಾನಲ್ಲಿ ರೈಲು ತಪ್ಪಿಸ್ಕೊಳ್ಳೋ ಎಂಜಿನಿಯರು ಇವರೊಬ್ಬರೇ ಇರಬೇಕು.

ಮೊನ್ನೆ ಭಾನುವಾರ ಕಡ್ಲೆಬೇಳೆ ಬೇಯಿಸ್ತಿದ್ರು. ಏನ್ರೀ ಅಂದ್ರೆ ಹೋಳಿಗೆ ಮಾಡ್ತೀನಿ ಅಂದ್ರು. ನನ್ನನ್ನ ಹತ್ತಿರ ಸೇರಿಸಲಿಲ್ಲ. ಅದರ ಗತಿ ಏನಾಯ್ತು ಅಂತ ಕೇಳಬೇಡ. ಕೊನೆಗೆ ಇಬ್ಬರೂ ಚಮಚದಲ್ಲಿ ತಿಂದ್ವಿ. ಒಂದೂ ಜೋಕು ಮಾಡಲಿಲ್ಲ ಕಣೇ. ಅದಕ್ಕೇ ನನಗೆ ದಿಗಿಲು.

ಕೆಲಸ ಬಿಟ್ಟಿದ್ದು ನನಗೂ ಭಯಾನೇ. ಆದ್ರೆ ನೀನು ಆ ಸ್ಟುಡಿಯೋ ವಿಷಯ ಮಾತಾಡುವಾಗ ಊಟ ಆಯ್ತಾ ಅಂತ ಕೇಳೋದನ್ನೇ ಮರೀತೀನಿ. ಇವರಿಗೆ ಸ್ವಲ್ಪ ಟೈಮ್ ಕೊಡು.

ಅಮ್ಮ (ಶ್ರೀರಕ್ಷಾ ಅಂತ ಸಹಿ ಹಾಕ್ಬೇಕಾ?)


ಕಾವಾಸಾಕಿ
೨೨ ಡಿಸೆಂಬರ್ ೨೦೨೪

ಸಾಹಿತ್ಯ,

ತಡವಾಯಿತು. ಈ ಪತ್ರದಲ್ಲಿ ಶ್ಲೇಷೆ ಹುಡುಕಬೇಡ. ಸಿಕ್ಕಿದರೆ ಅಚ್ಚಿನ ದೋಷ ಎಂದುಕೋ.

ಯಾರನ್ನು ಅಳಿಸಲಿ ಎಂದು ಕೇಳಿದ್ದೀಯೆ. ಹೇಳುತ್ತೇನೆ. ಸಿದ್ದಪ್ಪನವರ ಮಗ್ಗುಲು ಉಜ್ಜು.

ನಾನು ಇಷ್ಟು ದಿನ ಅದನ್ನು ಅವರ ಸ್ಮಾರಕ ಎಂದುಕೊಂಡಿದ್ದೆ. ಆದರೆ ಆ ಕಲ್ಲಿನ ಮೇಲೆ ಎಣ್ಣೆ ಲೇಬಲ್ಲಿಗೆ ಮೊದಲು ಇನ್ನೇನೋ ಇತ್ತು, ಅದಕ್ಕೂ ಮೊದಲು ಮತ್ತೇನೋ. ಪಂಚಾಂಗದ ಹೊದಿಕೆ, ಕುಸ್ತಿಯ ಪೋಸ್ಟರು, ಯಾರದೋ ಮದುವೆ. ಎಲ್ಲವನ್ನೂ ಅವರೇ ಬರೆದು ಅವರೇ ಉಜ್ಜಿದರು. ಅವರ ಕೆಲಸದ ಅರ್ಧ ಬರೆಯುವುದು, ಅರ್ಧ ಅಳಿಸುವುದು. ಈ ಲೇಬಲ್ಲು ಉಳಿದದ್ದು ಅದು ದೊಡ್ಡದೆಂದಲ್ಲ. ಅದನ್ನು ಉಜ್ಜುವ ಮೊದಲು ಅವರು ತೀರಿಕೊಂಡರು, ಅಷ್ಟೇ. ಸೀಸೆಗಳು ಮಾರಾಟವಾಗಿ ನೂರು ವರ್ಷದ ಮೇಲಾಯಿತು. ಮುಗಿದ ಕೆಲಸ ಅದು. ಅವರು ಬಿಟ್ಟ ಕೆಲಸವನ್ನು ನಾವು ದೇವರೆಂದು ಪೂಜೆ ಮಾಡುತ್ತ ಕೂತಿದ್ದೆವು.

ನಮ್ಮಮ್ಮ ಏನನ್ನೂ ಉಳಿಸಿಹೋಗಲು ಹೊರಟವಳಲ್ಲ. ಹೋಳಿಗೆ ತಟ್ಟಿ ಬೇಯಿಸಿದಳು, ನಾವು ತಿಂದೆವು. ಅವಳ ಫೋಟೋ ಕೂಡ ನಮ್ಮಲ್ಲಿರುವುದು ಬೇರೆಯವರ ಮದುವೆಗಳಲ್ಲಿ ಅರ್ಧ ಮರೆಯಾದದ್ದು. ಆ ಮಗ್ಗುಲನ್ನು ಉಜ್ಜಬೇಡ. ಇನ್ನೊಂದು ಪ್ರತಿಯನ್ನೂ ತೆಗೆಯಬೇಡ. ಒಂದು ನನಗೆ ಸಾಕು.

ಲೇಬಲ್ಲಿನ ಒಂದಿಷ್ಟು ಒಳ್ಳೆಯ ಪ್ರತಿ ತೆಗೆದಿಟ್ಟುಕೋ. ಮೈಸೂರಿನ ನೆಂಟರಿಗೆ ಕಳಿಸೋಣ. ಅವರಿಗೆ ಹೇಗೆ ಹೇಳುವುದೋ ಅದು ನನ್ನ ತಲೆನೋವು.

ಹೊಸ ವರ್ಷಕ್ಕೆ ಕಾರ್ಖಾನೆ ಮುಚ್ಚಿರುತ್ತದೆ. ಜನವರಿ ನಾಲ್ಕಕ್ಕೆ ಬರುತ್ತೇನೆ. ಉಜ್ಜುವಾಗ ನಾನೂ ಇರಬೇಕು.

ಅಪ್ಪ


ಕ್ಯೋಟೋ
೧೩ ಜನವರಿ ೨೦೨೫

ಅಪ್ಪಾ,

ತೋಳು ಹೇಗಿದೆ? ನನ್ನದೂ ನೋಯ್ತಿದೆ, ನನಗೆ ಅಭ್ಯಾಸ ಇದ್ದೂ.

ಕಾರ್ಖಾನೆಯ ಉಕ್ಕಿನ ಪಟ್ಟಿ ತಂದು ಕಲ್ಲು ಮಟ್ಟ ಇದೆಯಾ ಅಂತ ಪ್ರತಿ ಸಲ ಅಳೆದೆ. ನಿಶಿಮುರಾ ಸಾನ್‌ಗೆ ಮೊದಲು ಸಿಟ್ಟು ಬಂದಿತ್ತು, ಸಂಜೆ ಆ ಪಟ್ಟಿ ಎಲ್ಲಿ ಸಿಗುತ್ತೆ ಅಂತ ಕೇಳಿದ್ರು. ಅಜ್ಜಿಯ ಮಗ್ಗುಲಿಗೆ ಅಂತ ನೀನು ಮನೆಯಿಂದ ಮಡಿಬಟ್ಟೆ ತಂದಿದ್ದು ನೋಡಿ ಏನೋ ಶಾಸ್ತ್ರ ಅಂದ್ಕೊಂಡು ಟೋಪಿ ತೆಗೆದು ನಿಂತಿದ್ರು. ನಾನು ಸರಿ ಮಾಡಕ್ಕೆ ಹೋಗಲಿಲ್ಲ.

ಮರಳು, ನೀರು, ಕಲ್ಲಿನ ಮೇಲೆ ಕಲ್ಲು. ಮೊದಲ ಸಾಲಿನ ಮೂರು ಜನ ಹೋಗೋವರೆಗೆ ನೀನು ಜೋಕು ಮಾಡ್ತಾನೇ ಇದ್ದೆ, ಕೂದಲು ಉದುರುತ್ತಿದೆ, ಎಣ್ಣೆ ಹಚ್ಚಿ ಅಂತ. ಎರಡನೇ ಸಾಲಿಗೆ ಕಡಿಮೆ ಆಯ್ತು. ಕೊನೇ ಹೆಂಗಸಿನ ಮುಖ ಹೋಗೋ ಹೊತ್ತಿಗೆ ಟೀ ಬೇಕು ಅಂತ ಎದ್ದೆ. ಟೀ ನಿನ್ನ ಪಕ್ಕದಲ್ಲೇ ಇತ್ತು. ನಾನು ಉಜ್ತಾನೇ ಇದ್ದೆ. ನೀನು ವಾಪಸ್ ಬಂದು ಬರೀ ಕಲ್ಲನ್ನ ಅಂಗೈಯಿಂದ ಸವರಿ "ಚೆನ್ನಾಗಿದೆ" ಅಂದೆ. ಅಷ್ಟೇ.

ನಿನ್ನೆ ಅದರ ಮೇಲೆ ಮೊದಲ ಗೆರೆ ಎಳೆದೆ. ಗಾಡಿ ತುಂಬ ಕಲ್ಲು, ಮುಂದೆ ಹರೆಯದ ಸಿದ್ದಪ್ಪ. ಮನೆ ಬಾಗಿಲಲ್ಲಿ ಅವರಪ್ಪ ನಿಂತಿದ್ದಾರೆ. ಆ ಅಪ್ಪನ ಮುಖ ಹೇಗಿರಬೇಕು ಅಂತ ಇನ್ನೂ ಗೊತ್ತಾಗಿಲ್ಲ, ಖಾಲಿ ಬಿಟ್ಟಿದ್ದೀನಿ.

ಒಂದು ವಿಷಯ. ನೀನು ಹೊರಡೋ ಮುಂಚೆ ನಾನು ಹಿಂದುಗಡೆ ತೊಟ್ಟಿ ಹತ್ರ ರೋಲರ್ ತೊಳೀತಿದ್ದೆ. ಒಳಗೆ ನಿಶಿಮುರಾ ಸಾನ್ ನಿನ್ನ ಕೇಳಿದ್ರು, "ಚಂದ್ರಮೋಹನ್ ಸಾನ್, ನಿಮ್ಮ ಮನೆಯವರೆಲ್ಲ ಏನು ಕೆಲಸ ಮಾಡ್ತಾರೆ?" ಬೇರಿಂಗ್ ಅಂತೀಯ, ಇಲ್ಲಾ ಏನಾದ್ರೂ ತಮಾಷೆ ಮಾಡಿ ಹಾರಿಸ್ತೀಯ ಅಂದ್ಕೊಂಡೆ. ನಲ್ಲಿ ನಿಲ್ಲಿಸಿದೆ. ನೀನು ನಿಧಾನವಾಗಿ, ಜಪಾನಿಯಲ್ಲಿ ಹೇಳಿದೆ:

"ನಮ್ಮದು ಅಚ್ಚಿನವರ ಮನೆತನ. ನಡುವೆ ನಾನೊಬ್ಬ ರಜೆ ಹಾಕಿದ್ದೆ."

ಸಾಹಿತ್ಯ